ಸುಗ್ಗಿ ಮುಗಿದ ತೋಟದಲ್ಲಿ ನಿಂತು



ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾದ ಕೊನೆಯ ಚೀಲವೂ ಕಣದಿಂದ ಎದ್ದು, ಅಡಕೆಯ ಕಡೆಯ ಗೊನೆಗಳು ಅಂಗಳ ಸೇರಿದ ಮೇಲೆ ತೋಟಕ್ಕೆ ಒಂದು ಬಗೆಯ ಮೌನ ಬರುತ್ತದೆ. ಎರಡು ಮೂರು ತಿಂಗಳು ಜನರ ಮಾತು, ಮಕ್ಕಳ ಅಳು, ಮೇಸ್ತ್ರಿಯ ಕೂಗು ತುಂಬಿದ್ದ ಜಾಗದಲ್ಲಿ ತರಗೆಲೆಯ ಸದ್ದು ಮಾತ್ರ ಉಳಿಯುತ್ತದೆ. ಆ ದಿನಗಳನ್ನು ನಾವು ಬಿಡುವಿನ ದಿನಗಳೆಂದು ಕರೆಯುವುದುಂಟು. ವಾಸ್ತವವಾಗಿ ವರ್ಷದ ಮೂರು ಕಠಿಣ ಕೆಲಸಗಳು ಆಗಲೇ ಎದುರಿಗೆ ನಿಲ್ಲುತ್ತವೆ. ಲೆಕ್ಕ ಮುಗಿಸಬೇಕು, ಕಸಿ ಮಾಡಬೇಕು, ಯಾವ ಗಿಡ ಉಳಿಯಬೇಕು ಯಾವುದು ಹೋಗಬೇಕು ಎಂದು ತೀರ್ಮಾನಿಸಬೇಕು.

ನಮ್ಮಲ್ಲಿ ಕ್ರೈಸ್ತರಾದವರಿಗೆ ಇದೇ ಹೊತ್ತಿಗೆ ಇನ್ನೊಂದು ಕಾಲವೂ ಬಂದು ಕೂಡುತ್ತದೆ. ಬೂದಿ ಬುಧವಾರದಿಂದ ಈಸ್ಟರ್ ಹಬ್ಬದವರೆಗೆ, ಭಾನುವಾರಗಳನ್ನು ಬಿಟ್ಟು ನಲವತ್ತು ದಿನಗಳ ತಪಸ್ಸು ಕಾಲ ಬಹುಮಟ್ಟಿಗೆ ಫೆಬ್ರವರಿ, ಮಾರ್ಚಿಯಲ್ಲೇ ಮೊದಲಾಗುತ್ತದೆ. ಅದೂ ಕೇಳುವುದು ಇದನ್ನೇ: ನಿನ್ನ ಲೆಕ್ಕ ತೆಗೆ, ಬೇಡದ್ದನ್ನು ಕತ್ತರಿಸು, ಯಾರಿಗೆ ಏನು ಬಾಕಿ ಇದೆ ನೋಡು. ಇಷ್ಟು ವರ್ಷ ಚರ್ಚಿನಲ್ಲಿ ಕುಳಿತು ಇದನ್ನು ಕೇಳಿದ್ದರೂ ನನಗೆ ಸರಿಯಾಗಿ ಅರ್ಥವಾದದ್ದು ನಮ್ಮ ಮಲೆನಾಡಿನಲ್ಲಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಸಣ್ಣ ಲಿಂಬೆ ತೋಟದಲ್ಲಿ. ಆ ಸಂಗತಿಯನ್ನು ಸದಸ್ಯ ಬಾಂಧವರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಎರೆ ನೆಲದ ತೋಟ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಗಳಿಂದ ಪ್ರತಿ ವರ್ಷ ಎಷ್ಟೋ ಕುಟುಂಬಗಳು ಕಾಫಿ ಕೊಯ್ಲಿಗೆ ನಮ್ಮ ಕಡೆಗೆ ಬಂದದ್ದನ್ನು ನಾವೆಲ್ಲ ಬಲ್ಲೆವು. ಅಂಥ ಒಂದು ಕುಟುಂಬ ನನ್ನ ಸಣ್ಣ ಹಿಡುವಳಿಗೆ ಸತತ ಹನ್ನೊಂದು ಸುಗ್ಗಿ ಬಂದಿತ್ತು. ಹಿರಿಯರನ್ನು ನಾವು 'ಕಾಕಾ' ಎಂದೇ ಕರೆಯುತ್ತಿದ್ದೆವು. ಅವರೂ ಕ್ರೈಸ್ತರು. ಭಾನುವಾರ ನಮ್ಮ ಜೊತೆಯೇ ಚರ್ಚಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂಡುತ್ತಿದ್ದರು. ವಯಸ್ಸಾಗಿ ಬರುವುದು ನಿಂತ ಮೇಲೆ, "ಒಮ್ಮೆ ನಮ್ಮ ತ್ವಾಟ ನೋಡಾಕ ಬರ್ರಿ" ಎಂದು ವರ್ಷ ವರ್ಷವೂ ಹೇಳಿ ಕಳಿಸುತ್ತಿದ್ದರು. ಹೋದ ವರ್ಷ ಮೇ ತಿಂಗಳ ಕೊನೆಯ ವಾರ ಹೋಗುವುದು ಒದಗಿತು.

ನಮಗೆ ಒಂದು ಜಡಿಮಳೆಯ ವಾರದಲ್ಲಿ ಬರುವಷ್ಟು ನೀರು ಆ ಸೀಮೆಗೆ ಕೆಲವು ಸಲ ಇಡೀ ಮುಂಗಾರಿನಲ್ಲಿ ಬರುವುದಿಲ್ಲ. ವರ್ಷದ ಸರಾಸರಿ ಆರುನೂರು ಮಿಲಿಮೀಟರ್ ಆಸುಪಾಸು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿ ಹರಿದರೆ ಓಣಿ ತುಂಬ ಜೋಳ ಎಂಬ ಮಾತು ಅಲ್ಲಿಯ ಮಕ್ಕಳಿಗೂ ಗೊತ್ತು. ೧೯೬೪ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿಯ ನೀರು ಎಷ್ಟೋ ಹೊಲಗಳಿಗೆ ಬಂದಿದೆ. ಎತ್ತರದ ಹೊಲಗಳು ಇಂದಿಗೂ ಮೋಡವನ್ನೂ ಕೊಳವೆಬಾವಿಯನ್ನೂ ನಂಬಿವೆ. ಅಂಥ ನೆಲದಲ್ಲಿ ಬೆಳೆಯುವ ಲಿಂಬೆ ಇಂಡಿಯ ಹೆಸರನ್ನು ದೂರದ ಪೇಟೆಗಳಿಗೆ ಒಯ್ದಿದೆ. ೨೦೨೩ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು.

ಕಾಕಾ ಅವರದು ಎರಡು ಎಕರೆ. ಒಂದರಲ್ಲಿ ಬಿಳಿಜೋಳ, ತೊಗರಿ, ಇನ್ನೊಂದರಲ್ಲಿ ಲಿಂಬೆ. ಹಸ್ತ ಬಹಾರದ ಕಾಯಿ ಆಗಷ್ಟೇ ಮುಗಿದಿತ್ತು. ಗಿಡಗಳ ನಡುವೆ ನಿಂತು ಅವರು ಹೇಳಿದ ಮೊದಲ ಮಾತೇ ನನ್ನನ್ನು ತಡೆದು ನಿಲ್ಲಿಸಿತು.

"ಸಾವ್ಕಾರ್ರ, ನಿಮ್ಮ ತ್ವಾಟದಾಗ ಕಾಯಿ ಬಿಡಿಸಿದ ಕೂಲೀನ ಇಲ್ಲಿ ಲಿಂಬಿ ಗಿಡ ಆಗೇತಿ ನೋಡ್ರಿ. ಬಾವಿ ಹೊಡಸಿದ್ದೂ ಅದರಾಗ, ಸಸಿ ತಂದದ್ದೂ ಅದರಾಗ."

ಬಾಯಾರಿಸಿದ ಗಿಡ

ಲಿಂಬೆಯ ಬೇಸಾಯದಲ್ಲಿ ನಮ್ಮ ಓದುಗರಿಗೆ ಆಸಕ್ತಿ ಹುಟ್ಟಿಸುವ ಒಂದು ಕ್ರಮವಿದೆ. ಲಿಂಬೆ ವರ್ಷದಲ್ಲಿ ಹಲವು ಸಲ ಹೂ ಬಿಡುವ ಗಿಡ. ಜನವರಿ-ಫೆಬ್ರವರಿಯ ಹೂವಿಗೆ ಅಂಬೆ ಬಹಾರ, ಜೂನ್-ಜುಲೈನದಕ್ಕೆ ಮೃಗ ಬಹಾರ, ಸೆಪ್ಟೆಂಬರ್-ಅಕ್ಟೋಬರಿನದಕ್ಕೆ ಹಸ್ತ ಬಹಾರ ಎಂದು ಹೆಸರು. ಹೂವಿನಿಂದ ಕಾಯಿಗೆ ಸುಮಾರು ಐದಾರು ತಿಂಗಳು ಬೇಕು. ಹೀಗಾಗಿ ಹಸ್ತ ಬಹಾರದ ಕಾಯಿ ಬೇಸಿಗೆಗೆ ಕೈಗೆ ಬರುತ್ತದೆ. ಬೆಲೆ ಏರುವುದೂ ಆಗಲೇ. ಬೇಕಾದ ಕಾಲಕ್ಕೆ ಹೂ ತರಿಸಲು ಬೆಳೆಗಾರರು ಗಿಡಕ್ಕೆ ನೀರು ತಡೆಯುತ್ತಾರೆ. ಎಲೆ ಮುದುಡಿ, ಹಳದಿಯಾಗಿ, ಒಂದಷ್ಟು ಉದುರುತ್ತದೆ. ಆಮೇಲೆ ಬುಡ ಕೆದರಿ, ಗೊಬ್ಬರ ಕೊಟ್ಟು, ಮೊದಲು ಹಗುರವಾಗಿ ಅನಂತರ ಹೊಟ್ಟೆ ತುಂಬ ನೀರು ಕೊಟ್ಟರೆ ಗಿಡ ಚಿಗುರಿ ಹೂ ಬಿಡುತ್ತದೆ. ಮರಳು ಬೆರೆತ ಹಗುರ ಮಣ್ಣಿನಲ್ಲಿ ಗಿಡ ಬೇಗ ಬಾಯಾರುತ್ತದೆ, ಎರೆ ಮಣ್ಣಿನಲ್ಲಿ ತಡವಾಗುತ್ತದೆ.

ಇದು ನಮಗೆ ಹೊಸದೇನೂ ಅಲ್ಲ. ಕಾಫಿಯ ಮೊಗ್ಗು ಒಣ ಹವೆಯಲ್ಲಿ ಮಲಗಿದ್ದು, ಒಂದಿಂಚು ಹೂಮಳೆ ಬಿದ್ದ ವಾರ ಹತ್ತು ದಿನಕ್ಕೆ ಅರಳುವುದೂ ಇದೇ ಗುಟ್ಟಿನಿಂದ. ನಮಗೆ ಆ ಒಣಗಾಲವನ್ನು ಆಕಾಶ ತರುತ್ತದೆ, ಅವರು ಕೈಯಾರೆ ತರುತ್ತಾರೆ. ಅಷ್ಟೇ ಭೇದ.

"ಗಿಡಕ್ಕ ಬಾಯಾರಿಸಬೇಕ್ರಿ, ಕೊಲ್ಲಬಾರದು" ಎಂದರು ಕಾಕಾ. "ಅರ್ಧ ಎಲಿ ಉದುರಿದ್ರ ಸಾಕು. ಪೂರಾ ಬೋಳ ಮಾಡಿದ್ರ ಟೊಂಗಿ ಒಣಗತಾವ. ಅದಕ್ಕ ದಿನಾ ಮುಂಜಾನೆ ಬಂದು ಎಲಿ ಮುಟ್ಟಿ ನೋಡಬೇಕು."

ಕಷ್ಟ ಬಂದಾಗ ದೇವರು ನಮ್ಮನ್ನು ಮರೆತನೆಂದು ನಾವು ತಿಳಿಯುತ್ತೇವೆ. ನೀರು ತಡೆದವನು ದಿನವೂ ಬಂದು ಎಲೆ ಮುಟ್ಟಿ ನೋಡುತ್ತಿದ್ದಾನೆಂಬುದು ಗಿಡಕ್ಕೆ ತಿಳಿಯದು. ಹಾಗೆಂದು ಪ್ರತಿಯೊಂದು ಬರವನ್ನೂ ದೇವರು ಒಳ್ಳೆಯದಕ್ಕೇ ಕಳಿಸಿದನೆಂದು ಸುಲಭವಾಗಿ ಹೇಳಿಬಿಡುವುದೂ ಸರಿಯಲ್ಲ. ಅಳತೆಯ ಬಾಯಾರಿಕೆ ಬೇರೆ, ಬರಗಾಲ ಬೇರೆ. ಕಾಕಾ ಎರಡನ್ನೂ ಕಂಡವರು.

ಇನ್ನೊಂದು ವರ್ಷದ ಗಡುವು

೨೦೧೬ರ ಬೇಸಿಗೆಯಲ್ಲಿ ಅವರ ಕೊಳವೆಬಾವಿ ಸೋತಿತು. ತೊಂಬತ್ತು ಗಿಡಗಳಿದ್ದವು. ಟ್ಯಾಂಕರ್ ನೀರು ಕೊಂಡು ಹಾಕಿದರೆ ಅರವತ್ತಕ್ಕೆ ಮಾತ್ರ ಸಾಲುತ್ತಿತ್ತು. ಕುಟುಂಬವೆಲ್ಲ ಒಂದು ಸಂಜೆ ತೋಟದಲ್ಲಿ ಸುತ್ತಿ, ಉಳಿಸುವ ಗಿಡಗಳಿಗೆ ಸುಣ್ಣದ ಗುರುತು ಹಾಕಿತು. ಗುರುತು ಬಿದ್ದ ಗಿಡಗಳ ಟೊಂಗೆಗಳನ್ನು ಹ್ರಸ್ವವಾಗಿ ಕತ್ತರಿಸಿ, ಬುಡಕ್ಕೆ ತೊಗರಿಯ ಹೊಟ್ಟು ದಪ್ಪಗೆ ಮುಚ್ಚಿ, ವಾರಕ್ಕೊಮ್ಮೆ ಕೊಡದಿಂದ ನೀರು ಹೊಯ್ದರು. ಉಳಿದ ಮೂವತ್ತು ಕಣ್ಣೆದುರಿಗೇ ಒಣಗಿದವು.

ಬದುವಿನ ಮೇಲೆ ಒಂದು ಗಿಡವಿತ್ತು. ಹಲವು ವರ್ಷದಿಂದ ಕಾಯಿ ಬಿಟ್ಟಿರಲಿಲ್ಲ. ಅದನ್ನು ಬಿಡುವುದೆಂದು ಕಾಕಾ ಹೇಳಿದಾಗ ಮನೆಯ ಕಾಕಿ ಒಪ್ಪಲಿಲ್ಲ. ಪಾತ್ರೆ ತೊಳೆದ ನೀರು ತಾನೇ ಹಾಕುತ್ತೇನೆ, ಒಂದು ವರ್ಷ ಬಿಡಿ ಎಂದರಂತೆ.

ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮ್ಯ ನೆನಪಾಗದೆ ಇರದು. ದ್ರಾಕ್ಷಿ ತೋಟದಲ್ಲಿ ನೆಟ್ಟ ಅಂಜೂರದ ಮರ ಮೂರು ವರ್ಷ ಫಲ ಕೊಡಲಿಲ್ಲ. ಒಡೆಯ ಕಡಿಯಲು ಹೇಳಿದಾಗ ತೋಟಗಾರ ಅಡ್ಡ ಬಂದು ಇನ್ನೊಂದು ವರ್ಷದ ಗಡುವು ಬೇಡುತ್ತಾನೆ. ಬುಡ ಅಗೆದು ಗೊಬ್ಬರ ಹಾಕುವ ಹೊಣೆಯನ್ನು ತಾನೇ ಹೊರುತ್ತಾನೆ. ಮುಂದೇನಾಯಿತೆಂದು ಸುವಾರ್ತೆ ಹೇಳುವುದಿಲ್ಲ.

ಬದುವಿನ ಗಿಡ ಏನಾಯಿತೆಂದು ನಾನು ಕಾಕಿಯವರನ್ನು ಕೇಳಿದೆ. ಕಾಯಿ ತುಂಬಿ ನಿಂತಿತೆಂಬ ಉತ್ತರವನ್ನು ನಿರೀಕ್ಷಿಸಿದ್ದೆನೆಂದು ಒಪ್ಪಿಕೊಳ್ಳಬೇಕು. ಅವರು ನಕ್ಕರು. "ಬರಲಿಲ್ರಿ. ವರ್ಷ ತುಂಬಿತು, ನಾನ ಕಡೀರಿ ಅಂದೆ. ಅದ ಕುಣಿಯೊಳಗ ಹೊಸಾ ಸಸಿ ಹಚ್ಚೇವಿ." ಅವರು ಬೆರಳು ಮಾಡಿ ತೋರಿಸಿದ ಗಿಡದಲ್ಲಿ ಆ ಬಹಾರದ ಕೊನೆಯ ನಾಲ್ಕು ಕಾಯಿಗಳಿದ್ದವು.

ಹಳದಿ ಎಲೆ ರೋಗ ಬಡಿದ ನನ್ನ ಅಡಕೆ ತೋಟದ ಅರ್ಧ ಎಕರೆ ಆಗ ಕಣ್ಣ ಮುಂದೆ ಬಂತು. ಕೊಪ್ಪ, ಶೃಂಗೇರಿ ಕಡೆಯ ಸದಸ್ಯರಿಗೆ ಈ ನೋವನ್ನು ವಿವರಿಸಬೇಕಾಗಿಲ್ಲ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮ ಜೀವಿಯಿಂದ ಬರುವ ಈ ರೋಗವನ್ನು ವಾಸಿ ಮಾಡುವ ಔಷಧ ಇಲ್ಲ. ಗೊಬ್ಬರ, ಸುಣ್ಣ, ಬಸಿಗಾಲುವೆಗಳಿಂದ ಮರಕ್ಕೆ ಒಂದಷ್ಟು ತ್ರಾಣ ಬರುತ್ತದೆ, ಅಷ್ಟೆ. ತಂದೆ ನೆಟ್ಟ ಮರಗಳೆಂದು ನಾನು ಆರು ವರ್ಷ ಕಡಿಯದೆ ಕುಳಿತಿದ್ದೆ. ಬುಡ ಅಗೆದದ್ದೂ ಇಲ್ಲ, ಗೊಬ್ಬರ ಕೊಟ್ಟದ್ದೂ ಇಲ್ಲ. ಸುಮ್ಮನೆ ಮುಂದೂಡಿದ್ದನ್ನೇ ಕರುಣೆಯೆಂದು ಕರೆದುಕೊಂಡಿದ್ದೆ. ಸಾಮ್ಯದ ತೋಟಗಾರನ ಕರುಣೆಯಲ್ಲಿ ಗುದ್ದಲಿಯೂ ಇತ್ತು, ಗಡುವೂ ಇತ್ತು. ಮರಕ್ಕಾಗಲಿ, ದಾರಿ ತಪ್ಪಿದ ಮಗನಿಗಾಗಲಿ, ನಮ್ಮದೇ ಒಂದು ಕೆಟ್ಟ ಚಟಕ್ಕಾಗಲಿ ಇನ್ನೊಂದು ವರ್ಷ ಕೊಡುವವನು ಆ ವರ್ಷ ತಾನೇನು ಮಾಡುತ್ತೇನೆಂದೂ ಹೇಳಬೇಕು.

ಕತ್ತರಿಸಿದ ಬಳ್ಳಿ

ಮಾರನೆಯ ದಿನ ಬಸವನ ಬಾಗೇವಾಡಿಗೆ ಹೋದೆವು. ಹನ್ನೆರಡನೆಯ ಶತಮಾನದ ಬಸವಣ್ಣನವರ ಹುಟ್ಟೂರೆಂದು ನಾಡಿಗೆಲ್ಲ ಗೊತ್ತಿರುವ ಊರು. ಕಾಯಕವನ್ನು ಪೂಜೆಗೆ ಸಮನಾಗಿ ಕಂಡ, ದುಡಿದದ್ದನ್ನು ದಾಸೋಹಕ್ಕೆ ಸಲ್ಲಿಸಿದ ಶರಣರ ನೆಲದಲ್ಲಿ ನಿಂತಾಗ, ಬಡಗಿಯ ಮಗನಾಗಿ ದುಡಿದ ಯೇಸುವನ್ನು ನಂಬುವವನಿಗೆ ಪರಕೀಯ ಭಾವನೆ ಬರುವುದಿಲ್ಲ. ಕಾಕಾ ಅವರ ನೆರೆಹೊರೆಯವರು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಇವರನ್ನೂ ಊಟಕ್ಕೆ ಕರೆಯುತ್ತಾರೆ. ಚರ್ಚಿನಲ್ಲಿ ಪ್ರಥಮ ಫಲ ಅರ್ಪಿಸಿದ ದಿನ ಇವರ ಮನೆಯಿಂದ ಅವರಿಗೆ ಬುತ್ತಿ ಹೋಗುತ್ತದೆ.

ದಾರಿಯಲ್ಲಿ ಒಂದು ದ್ರಾಕ್ಷಿ ತೋಟ ನೋಡಿದೆವು. ಆ ಜಿಲ್ಲೆಯಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ. ಕೊಯ್ಲು ಮುಗಿದ ಮೇಲೆ ಏಪ್ರಿಲಿನಲ್ಲಿ ಒಂದು, ಅಕ್ಟೋಬರಿನಲ್ಲಿ ಇನ್ನೊಂದು. ಏಪ್ರಿಲ್ ಚಾಟ್ನಿಯಿಂದ ಒಂದು ಗೊಂಚಲೂ ಬರುವುದಿಲ್ಲ. ಅದು ಕಡ್ಡಿ ಬಲಿಯುವುದಕ್ಕಾಗಿ, ಆ ಕಡ್ಡಿಯ ಕಣ್ಣುಗಳಲ್ಲಿ ಮುಂದಿನ ಫಲ ಕಟ್ಟುವುದಕ್ಕಾಗಿ. ಹಣ್ಣು ಕಾಣುವುದು ಅಕ್ಟೋಬರ್ ಚಾಟ್ನಿಯ ನಂತರ. ಯೊವಾನ್ನನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ, ಫಲ ಕೊಡುವ ಕವಲನ್ನೂ ತೋಟಗಾರ ಕತ್ತರಿಸುತ್ತಾನೆಂಬ ಮಾತಿದೆ. ಫಲ ಕೊಡದ್ದನ್ನು ಕತ್ತರಿಸುವುದು ನ್ಯಾಯವೆಂದು ಯಾರಿಗೂ ತೋರುತ್ತದೆ, ಕೊಡುತ್ತಿರುವುದನ್ನೇಕೆ? ನಮ್ಮ ಗಿಡಗಸಿ ಬಲ್ಲವರಿಗೆ ಉತ್ತರ ಗೊತ್ತು. ಹೋದ ವರ್ಷ ಕಾಯಿ ಹೊತ್ತು ದಣಿದ ರೆಕ್ಕೆಯನ್ನು ಹಾಗೇ ಬಿಟ್ಟರೆ ಗಿಡ ಒಳಗೊಳಗೇ ಕತ್ತಲಾಗುತ್ತದೆ. ಊರಿನ ಹತ್ತು ಸಂಘಗಳಲ್ಲಿ ಹುದ್ದೆ ಹೊತ್ತು ಮನೆಯವರಿಗೆ ಮುಖ ಕಾಣದವರು, ಒಳ್ಳೆಯ ಕೆಲಸಗಳಲ್ಲೂ ಕೆಲವನ್ನು ಕತ್ತರಿಸಬೇಕಾಗುತ್ತದೆ.

ಹೆಕ್ಕುವವರ ಪಾಲು

ಕಾಕಾ ಅವರ ತೋಟದಲ್ಲಿ ಕೊಯ್ಲು ಮುಗಿದ ಮೇಲೆ ಉದುರಿದ ಕಾಯಿ ಹೆಕ್ಕುವ ಹಕ್ಕು ಓಣಿಯ ಇಬ್ಬರು ವಿಧವೆಯರದು. ಮನೆಯವರು ಅದನ್ನು ಮುಟ್ಟುವುದಿಲ್ಲ. ಹೊಲದ ಅಂಚನ್ನೂ ಉದುರಿದ ಹಣ್ಣನ್ನೂ ಬಡವರಿಗೆ, ಪರದೇಶಿಗಳಿಗೆ ಬಿಡಬೇಕೆಂಬ ನಿಯಮ ಬೈಬಲಿನ ಯಾಜಕಕಾಂಡದಲ್ಲಿದೆ. ರೂತಳು ಬೋವಜನ ಹೊಲದಲ್ಲಿ ತೆನೆ ಹೆಕ್ಕಿ ಅತ್ತೆಯನ್ನು ಸಾಕಿದ್ದೂ ಈ ನಿಯಮದ ಆಸರೆಯಿಂದಲೇ.

ಆದರೆ ಕಾಫಿ ಬೆಳೆಗಾರನಿಗೆ ಇಲ್ಲೊಂದು ತೊಡಕಿದೆ. ೧೯೯೦ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡ ಕಾಯಿಕೊರಕ ಹುಳು ನಮ್ಮ ತೋಟಗಳಿಗೂ ಬಂದಂದಿನಿಂದ, ಗಿಡದಲ್ಲಾಗಲಿ ನೆಲದಲ್ಲಾಗಲಿ ಒಂದು ಕಾಯಿಯೂ ಉಳಿಯಕೂಡದೆಂಬುದು ನಮ್ಮ ಪಾಠ. ಉಳಿದ ಕಾಯಿಯಲ್ಲೇ ಹುಳು ಮುಂದಿನ ಬೆಳೆಗೆ ಕಾದು ಕೂಡುತ್ತದೆ. ಹಾಗಾದರೆ ಬಿಡುವುದೆಂತು? ಕಾಕಾ ಅವರ ತೋಟ ನೋಡಿದ ಮೇಲೆ ಉತ್ತರ ಸರಳವೆನಿಸಿತು. ಆ ನಿಯಮ ಕಾಯಿಯನ್ನು ಕೊಳೆಯಲು ಬಿಡಲು ಹೇಳಿಲ್ಲ, ಹೆಕ್ಕುವವರಿಗೆ ಬಿಡಲು ಹೇಳಿದೆ. ಈ ಸಲ ನನ್ನ ತೋಟದಲ್ಲಿ ಕೊನೆಯ ಹೆಕ್ಕಾಟದ ಕಾಯನ್ನೆಲ್ಲ ಹೆಕ್ಕಿದ ಹೆಂಗಸರಿಗೇ ಬಿಟ್ಟೆ. ಕೂಡಲೇ ಒಣಗಿಸಿ ಮಾರಿಕೊಡುವ ವ್ಯವಸ್ಥೆ ಮಾತ್ರ ನಾನು ಮಾಡಿದೆ. ನೆಲ ಎಂದಿಗಿಂತ ಚೊಕ್ಕಟವಾಯಿತು. ಅವರದೇ ಪಾಲು ತಾನೆ!

ಹೊತ್ತು ಮುಳುಗುವ ಮುನ್ನ

ಇನ್ನು ಹೇಳಲು ಸಂಕೋಚವಾಗುವ ಮಾತಿಗೆ ಬರುತ್ತೇನೆ. ನಾನು ಇದ್ದ ದಿನಗಳಲ್ಲೇ ಕಾಕಾ ಕೊನೆಯ ಚೀಲಗಳನ್ನು ಪೇಟೆಗೆ ಒಯ್ದರು. ದರ ಅಂದು ಕುಸಿದಿತ್ತು. ಬಾಡಿಗೆ ಕಳೆದರೆ ಕೈಯಲ್ಲಿ ಉಳಿದದ್ದು ಅತ್ಯಲ್ಪ. ತಿರುಗಿ ಬಂದವರು ಮನೆಯೊಳಕ್ಕೆ ಹೋಗದೆ, ಕಾಯಿ ಕಿತ್ತ ಮೂವರ ಮನೆಗೆ ಹೋಗಿ ಕೂಲಿ ಕೊಟ್ಟು ಬಂದರು. ನಾಳೆ ಕೊಡಬಹುದಿತ್ತಲ್ಲ ಎಂದೆ.

"ದರ ಬಿದ್ದದ್ದು ನನಗ್ರಿ. ಅವರ ಕೈ ಬಿದ್ದಿಲ್ಲಲ್ಲ. ಹೊತ್ತ ಮುಳುಗೂದ್ರಾಗ ಕೊಡಬೇಕು, ಇಲ್ಲಾಂದ್ರ ನನಗ ನಿದ್ದಿ ಹತ್ತೂದಿಲ್ಲ."

ಆ ರಾತ್ರಿ ನಿದ್ದೆ ಹತ್ತದಿದ್ದವನು ನಾನು. ೨೦೧೦-೧೧ರ ಸುಗ್ಗಿಯಲ್ಲಿ ಅಕಾಲ ಮಳೆ ಹಿಡಿದು ಆರು ದಿನ ಕೊಯ್ಲು ನಿಂತಿತ್ತು. ಕಾಕಾ ಅವರ ಕಡೆಯ ಏಳು ಜನ ಲೈನ್ ಮನೆಯಲ್ಲಿ ಕುಳಿತಿದ್ದರು. ಆ ದಿನಗಳ ಅರ್ಧ ಕೂಲಿ ಕೊಡುವುದಾಗಿ ಕರೆತರುವಾಗ ಮಾತು ಕೊಟ್ಟಿದ್ದೆ. ಕೊನೆಯ ಲೆಕ್ಕದ ದಿನ, ಕಾಯಿ ನೆಲಕ್ಕೆ ಬಿದ್ದು ನಷ್ಟವಾಗಿದೆಯೆಂಬ ಸಬೂಬು ಹೇಳಿ ಅದನ್ನು ಕೊಡಲಿಲ್ಲ. ದಿನಸಿಯ ಹಣವನ್ನೂ ಮುಂಗಡದಲ್ಲಿ ಹಿಡಿದೆ. ಯಾರೂ ಜಗಳ ಆಡಲಿಲ್ಲ. ಹೆಬ್ಬೆಟ್ಟು ಒತ್ತಿ ಬಸ್ಸು ಹತ್ತಿದರು. ಮರುವರ್ಷ ಮತ್ತೆ ಬಂದರು. ಹಾಗಾಗಿ ಅದು ಮುಗಿದ ವಿಷಯವೆಂದು ನಾನು ತಿಳಿದೆ.

ಕೂಲಿಯವನ ಹಣವನ್ನು ರಾತ್ರಿ ಬೆಳಗಾಗುವ ತನಕ ಇಟ್ಟುಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆಂದು ಯಕೋಬನ ಪತ್ರಿಕೆ ಎಚ್ಚರಿಸುತ್ತದೆ. ಇದು ಹೊಸ ಪ್ರಶ್ನೆಯೇನಲ್ಲ. ೧೮೪೩ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗರು ೧೮೫೦ರ ದಶಕದಲ್ಲಿ ಕೊಡಗಿಗೆ ಬಂದು, ಒಡೆಯರ ನೆಲದಲ್ಲಿ ಜೀತ ಮಾಡುತ್ತಿದ್ದ ದಲಿತ ಕುಟುಂಬಗಳಿಗಾಗಿ ಆನಂದಪುರವನ್ನು ಕಟ್ಟಿದಾಗ, ಅಲ್ಲಿ ಚರ್ಚಿನ ಜೊತೆಗೆ ನೆಲವೂ ಕಾಫಿಯೂ ಇದ್ದವು. ದುಡಿಯುವವನ ಕೈಗೆ ಏನು ಸೇರಬೇಕೆಂಬ ಮಾತನ್ನು ಬಿಟ್ಟು ಸುವಾರ್ತೆಯನ್ನು ಹೇಳಲಾಗದೆಂದು ಆ ಹಿರಿಯರಿಗೆ ತಿಳಿದಿತ್ತು. ನೂರೈವತ್ತು ವರ್ಷದ ನಂತರ ನಾನು ಅದನ್ನು ಮರೆತಿದ್ದೆ.

ಬೆಳಗ್ಗೆ ಕಾಕಾ ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ನೆನಪೈತ್ರಿ" ಎಂದರು. ನನ್ನ ಜೇಬಿನಲ್ಲಿದ್ದ ಹಣವನ್ನು ಮುಂದಿಟ್ಟೆ. ಮುಟ್ಟಲಿಲ್ಲ. "ನನ್ನೊಬ್ಬಂದಲ್ರಿ. ಏಳು ಮಂದೀದು. ಪುಸ್ತಕ ತಗದು ನೋಡ್ರಿ, ಅವರವರ ಹೆಸರಿಗೆ ಕೊಡ್ರಿ."

ಊರಿಗೆ ಬಂದು ಅಟ್ಟದ ಮೇಲಿನ ಹಳೆಯ ಹಾಜರಿ ಪುಸ್ತಕ ಇಳಿಸಿದೆ. ಏಳು ಹೆಸರು, ಏಳು ಹೆಬ್ಬೆಟ್ಟು. ಆರು ದಿನದ ಅರ್ಧ ಕೂಲಿ, ದಿನಸಿಯ ಹಣ, ಇಷ್ಟು ವರ್ಷದ ಬಡ್ಡಿ ಸೇರಿಸಿ ಲೆಕ್ಕ ಹಾಕಿದರೆ, ನನ್ನ ಮನಸ್ಸನ್ನು ಇಷ್ಟು ಭಾರ ಮಾಡಿದ ಮೊತ್ತ ಕಾಫಿಯ ಕೆಲವೇ ಚೀಲಗಳ ಬೆಲೆ. ಕಾಕಾ ವಿಳಾಸಗಳನ್ನು ಹುಡುಕಿಸಿಕೊಟ್ಟರು. ಒಬ್ಬರು ಸಿಂದಗಿಯಲ್ಲಿ, ಇಬ್ಬರು ಮುದ್ದೇಬಿಹಾಳದ ಕಡೆ, ಉಳಿದವರು ಇಂಡಿಯ ಹಳ್ಳಿಗಳಲ್ಲಿ. ಇಬ್ಬರು ತೀರಿಕೊಂಡಿದ್ದರು. ಅವರ ಪಾಲನ್ನು ಮನೆಯವರಿಗೆ ಮುಟ್ಟಿಸಿದೆವು. ಆದರೆ ಆ ಇಬ್ಬರ ಎದುರಿಗೆ ನಿಂತು ತಪ್ಪಾಯಿತೆಂದು ಹೇಳುವ ಅವಕಾಶ ಮುಗಿದು ಹೋಗಿದೆ. ಸುಗ್ಗಿಗೆ ಒಂದು ಕೊನೆ ಇರುವಂತೆ ಲೆಕ್ಕ ತೀರಿಸುವ ಕಾಲಕ್ಕೂ ಒಂದು ಕೊನೆ ಇದೆಯೆಂಬುದನ್ನು ನಾನು ಹೀಗೆ ಕಲಿತೆ.

ಸದಸ್ಯ ಬಾಂಧವರೇ, ಈ ಪತ್ರಿಕೆ ನಿಮ್ಮ ಕೈಸೇರುವ ಹೊತ್ತಿಗೆ ನಿಮ್ಮ ಕಣವೂ ಖಾಲಿಯಾಗಿರುತ್ತದೆ. ಮರಗಸಿಗೆ ಏಣಿ ಹಾಕುವ ಮುನ್ನ, ಹೂಮಳೆಗೆ ಆಕಾಶ ನೋಡುವ ಮುನ್ನ, ಹಾಜರಿ ಪುಸ್ತಕವನ್ನು ಒಮ್ಮೆ ಹಿಂದಿನ ಪುಟದಿಂದ ಮುಂದಕ್ಕೆ ತಿರುವಿ ನೋಡಿ. ಕ್ರೈಸ್ತರಾಗಿದ್ದರೆ ಅದನ್ನು ತಪಸ್ಸು ಕಾಲದ ವ್ರತವೆಂದು ಮಾಡಿ. ಬೇರೆ ಮತದವರಾಗಿದ್ದರೆ ನಿಮ್ಮ ಮನೆದೇವರ ಮುಂದೆ ದೀಪ ಹಚ್ಚಿ ಮಾಡಿ. ಬಾಕಿ ಇದ್ದರೆ ಹೊತ್ತು ಮುಳುಗುವ ಮುನ್ನ ಕೊಟ್ಟುಬಿಡಿ.

ನನ್ನ ಹಳದಿ ಎಲೆಯ ಅರ್ಧ ಎಕರೆಗೂ ಒಂದು ವರ್ಷದ ಗಡುವು ಕೊಟ್ಟಿದ್ದೇನೆ. ಈ ಸಲ ಬುಡ ಅಗೆದಿದ್ದೇನೆ, ಬಸಿಗಾಲುವೆ ಬಿಡಿಸಿದ್ದೇನೆ, ಗೊಬ್ಬರ ಹಾಕಿದ್ದೇನೆ. ಬರದಿದ್ದರೆ ಕಡಿಯುತ್ತೇನೆ. ಅದೇ ಗುಂಡಿಯಲ್ಲಿ ಏನು ನೆಡುವುದೆಂದು ಕಾಕಾ ಅವರನ್ನು ಕೇಳಿದ್ದಕ್ಕೆ, "ಲಿಂಬಿ ಮಾತ್ರ ಬ್ಯಾಡ್ರಿ, ನಿಮ್ಮ ಮಳಿಗೆ ಕೊಳೀತೈತಿ" ಎಂದು ಫೋನಿನಲ್ಲಿ ನಕ್ಕರು.